ನಾನೂರೈವತ್ತು ವ್ಯಾಟಿನ ಡಬ್ಬಿ

ಕ್ಯಾಬಿನೆಟ್ಟಿನ ಬದಿಯ ತಗಡು ತೆಗೆದ ಕೂಡಲೇ ವಿನೋದ ಥೂ ಎಂದು ಮುಖ ತಿರುಗಿಸಿದ. ಒಳಗೆ ಬೋರ್ಡೇ ಕಾಣುತ್ತಿರಲಿಲ್ಲ. ಕಂಬಳಿಯಂಥ ಧೂಳು, ಅದರೊಳಗೆ ಜಿರಲೆಯ ಮೊಟ್ಟೆ, ಯಾರೋ ತೂರಿಸಿಬಿಟ್ಟ ಗುಟ್ಕಾ ಪೊಟ್ಟಣ, ಫ್ಯಾನಿನ ರೆಕ್ಕೆಗೆ ಸಿಕ್ಕಿ ಹಪ್ಪಳದ ಹಾಗೆ ಒಣಗಿದ ಹಲ್ಲಿ. ಹೊನ್ನಾವರದ ದೊಡ್ಡ ಮನುಷ್ಯರೊಬ್ಬರ ಮನೆಯ ಕಂಪ್ಯೂಟರು ಅದು. ಹೊರಗಿನಿಂದ ಅದಕ್ಕೆ ಕಸೂತಿ ಹಾಕಿದ ಬಟ್ಟೆ ಹೊದಿಸಿ ಕಳಿಸಿದ್ದರು.

ವಿನೋದ ಹಲ್ಲಿಯನ್ನು ಚಿಮಟದಲ್ಲಿ ಹಿಡಿದು ಬೆಳಕಿಗೆ ಎತ್ತಿದ. ಒಂದು ಹುಬ್ಬು ಏರಿಸಿ, ಸ್ವರವನ್ನು ಹೊಟ್ಟೆಯಿಂದ ತಂದು ಹೇಳಿದ. "ಈ ಊರಿಗೆ ನೀನು ಬಂದದ್ದು ತಪ್ಪಲ್ಲ. ಬಂದ ಮೇಲೆ ತಿರುಗುವ ಫ್ಯಾನಿನ ಎದುರು ಎದೆ ಕೊಟ್ಟೆಯಲ್ಲ, ಅದು ತಪ್ಪು."

ಕೌಂಟರಿನಲ್ಲಿದ್ದ ಅಂಗಡಿಯ ಯಜಮಾನ ತ್ರ್ಯಂಬಕಣ್ಣ ಪೇಪರಿನಿಂದ ಮುಖ ಎತ್ತಲಿಲ್ಲ. "ಹಲ್ಲಿ ಸಂಗಡ ಡೈಲಾಗ್ ಸಾಕು. ಅದ್ರ ಎಸ್ಸೆಂಪಿಎಸ್ ಬಿಚ್ಚಿ ಬದಿಗಿಡು. ಅದು ಬೇಕು."

"ಹಳೇದಾಗಿ ಹೋಗ್ಯದೆ ಅಣ್ಣ. ಇನ್ನೂರೈವತ್ತು ವ್ಯಾಟಿಂದು."

"ಅದು ನಂಗೂ ಕಾಣ್ತದೆ. ಸಂಜೆ ಒಳಗೆ ನಾನೂರೈವತ್ತು ಆಗ್ಬೇಕು."

ವಿನೋದ ನಕ್ಕ. ಕುಮಟೆ ಬಸ್‌ಸ್ಟ್ಯಾಂಡಿನ ಹಿಂದಿನ ಈ ಅಂಗಡಿಯಲ್ಲಿ ಸೇರಿ ಎರಡು ವರ್ಷವಾಗಿತ್ತು. ಗೋಡೆಯ ಕರೆಂಟನ್ನು ಒಡೆದು, ಇಳಿಸಿ, ಕಂಪ್ಯೂಟರಿನ ಅಂಗಾಂಗಕ್ಕೆ ಬೇಕಾದಷ್ಟೇ ಬಡಿಸುವ ತಗಡಿನ ಡಬ್ಬಿಗೆ ಎಸ್ಸೆಂಪಿಎಸ್ ಎನ್ನುತ್ತಾರೆ. ಅದು ಸರಿಯಿದ್ದರೆ ಯಾರೂ ಅದರ ಹೆಸರೆತ್ತುವುದಿಲ್ಲ, ಕೆಟ್ಟರೆ ಉಳಿದದ್ದೆಲ್ಲವನ್ನೂ ಕರೆದುಕೊಂಡೇ ಹೋಗುತ್ತದೆ. ಎರಡು ಸಾವಿರದ ಆರನೆಯ ಇಸವಿ ಮುಗಿಯುತ್ತ ಬಂದಿತ್ತು. ಹೊಸದಾಗಿ ಬರುತ್ತಿದ್ದ ಮದರ್‌ಬೋರ್ಡುಗಳು ಇಪ್ಪತ್ತರ ಬದಲು ಇಪ್ಪತ್ನಾಲ್ಕು ಪಿನ್ನಿನ ಪ್ಲಗ್ಗು ಕೇಳುತ್ತಿದ್ದವು. ಸಾಲದ್ದಕ್ಕೆ ಪ್ರೊಸೆಸರಿನ ಪಕ್ಕದಲ್ಲಿ ನಾಲ್ಕು ಪಿನ್ನಿನ ಇನ್ನೊಂದು ಸಣ್ಣ ಬಾಯಿ ತೆರೆದು ಕೂರುತ್ತಿದ್ದವು. ಜನರ ಮನೆಯಲ್ಲಿದ್ದ ಹಳೆಯ ಡಬ್ಬಿಗಳಿಗೆ ಅವೆರಡೂ ಇರಲಿಲ್ಲ. ಬೋರ್ಡು ಬದಲಿಸಿದವರೆಲ್ಲ ಡಬ್ಬಿಯನ್ನೂ ಬದಲಿಸಬೇಕಾಗಿತ್ತು. ತ್ರ್ಯಂಬಕಣ್ಣ ಅವರ ಹಳೆಯದನ್ನು "ಎಸೀಲಿಕ್ಕೆ" ಎಂದು ಇಟ್ಟುಕೊಳ್ಳುತ್ತಿದ್ದ. ವಿನೋದ ಅದನ್ನು ಪೆಟ್ರೋಲಿನಲ್ಲಿ ಒರೆಸಿ, ಹೊಸ ಪ್ಲಗ್ಗಿನ ವೈರುಗಳನ್ನು ಬೆಸೆದು, ಹುಬ್ಬಳ್ಳಿಯಲ್ಲಿ ಅಚ್ಚು ಹಾಕಿಸಿದ ಮಿರಮಿರ ಸ್ಟಿಕ್ಕರ್ ಅಂಟಿಸಿದರೆ ಸಂಜೆಗೆ ನಾನೂರೈವತ್ತು ವ್ಯಾಟು ತಯಾರು.

ಒಂದೇ ತೊಂದರೆ ಇತ್ತು. ಕುಮಟೆಯಿಂದ ಭಟ್ಕಳದವರೆಗೆ ಯಾರೂ ಸಾಮಾನನ್ನು ಬರಿಗಣ್ಣಿನಲ್ಲಿ ನೋಡಿ ಒಯ್ಯುವವರಲ್ಲ. ಬಂಗಡೆ ಮೀನಾಗಲಿ, ತೆಂಗಿನಕಾಯಿಯಾಗಲಿ, ಅಂಗೈಯಲ್ಲಿಟ್ಟು ಒಂದೆರಡು ಸಲ ಮೇಲೆ ಕೆಳಗೆ ಆಡಿಸಿ ನೋಡಿದ ಮೇಲೆಯೇ ಮಾತು. ಡಬ್ಬಿಯನ್ನೂ ಹಾಗೇ ಆಡಿಸಿ ನೋಡಿದರು. ಹಳೆಯದು ಹಗುರ. "ಇದು ಟೊಳ್ಳು" ಎಂದು ವಾಪಸಿಟ್ಟು ಹೋದರು. ಆಗ ಉಪಾಯ ಹೊಳೆದದ್ದು ವಿನೋದನಿಗೆ. ಬಲೆ ಮುಳುಗಲಿಕ್ಕೆ ಅಂಚಿಗೆ ಪೋಣಿಸುವ ಸೀಸದ ಗುಂಡುಗಳನ್ನು ಮೀನು ಪೇಟೆಯ ಪಕ್ಕದ ಅಂಗಡಿಯಿಂದ ತಂದು, ಟೇಪು ಸುತ್ತಿ, ಡಬ್ಬಿಯ ಒಳಮೂಲೆಗೆ ಗಮ್ಮು ಹಾಕಿ ಕೂರಿಸಿದ. ಅಂಗೈಗೆ ಇಟ್ಟರೆ ಕೈ ಕೆಳಗೆ ಹೋಗುತ್ತಿತ್ತು. ತ್ರ್ಯಂಬಕಣ್ಣ ಅವತ್ತು ಖುಷಿಯಾಗಿ ಬನ್ಸ್ ಕೊಡಿಸಿದ್ದ. ಮೇಷ್ಟರ ಕುರ್ಚಿಗೆ ತುರಿಕೆ ಸೊಪ್ಪು ತಿಕ್ಕಿದ ದಿನ ಆದಷ್ಟೇ ಖುಷಿ ವಿನೋದನಿಗೂ ಆಗಿತ್ತು.

ಗುರುವಾರ ಹೊಳೆಬಾಯಿಯ ಅಘನಾಶಿನಿ ಊರಿನಿಂದ ಸೌಜನ್ಯಾಳ ಫೋನು ಬಂತು.

ಸೌಜನ್ಯಾ ಮನೆಯ ಮುಂದಿನ ಕೋಣೆಯಲ್ಲಿ ಕಂಪ್ಯೂಟರಿಟ್ಟು ಕನ್ನಡ ಟೈಪಿಂಗ್ ಮಾಡುತ್ತಿದ್ದಳು. ಹೊನ್ನಾವರದ ಒಂದು ಪ್ರೆಸ್ಸಿನವರು ಕೈಬರಹದ ಕಟ್ಟು ಕಳಿಸುತ್ತಿದ್ದರು, ಅವಳು ತಪ್ಪಿಲ್ಲದೆ ಬಡಿದು ಕೊಡುತ್ತಿದ್ದಳು. ಈ ಸಲ ಬಂದದ್ದು ಮೀನುಗಾರರ ಸಂಘವೊಂದರ ಐವತ್ತು ವರ್ಷದ ನೆನಪಿನ ಪುಸ್ತಕ. ಸೋಮವಾರ ಬೆಳಿಗ್ಗೆಗೆ ಮುಗಿಯಬೇಕು. ಮುಗಿಯದಿದ್ದರೆ ಇದೊಂದೇ ಅಲ್ಲ, ಇನ್ನು ಮುಂದಿನ ಕೆಲಸವೆಲ್ಲ ಭಟ್ಕಳದ ಇನ್ನೊಬ್ಬರಿಗೆ ಎಂದು ಪ್ರೆಸ್ಸಿನವರು ಹೇಳಿಯಾಗಿತ್ತು. ಮುಕ್ಕಾಲು ಪಾಲು ಮುಗಿಸಿದಾಗ ಅವಳ ಬೋರ್ಡು ಉಸಿರು ಬಿಟ್ಟಿತು. ಅವಳ ಅಣ್ಣ ಬೊಮ್ಮ ಗೋವೆಯ ಬೋಟಿನಲ್ಲಿ ದುಡಿಯುವವನು. ಮಡಗಾವಿನಲ್ಲಿ ಹೊಸ ಬೋರ್ಡು, ಅದಕ್ಕೆ ಹೊಂದುವ ಪ್ರೊಸೆಸರು ಹುಡುಕಿ, ಮಗುವನ್ನು ಸುತ್ತಿದ ಹಾಗೆ ಲುಂಗಿಯಲ್ಲಿ ಸುತ್ತಿ ತಂದುಕೊಟ್ಟು ಮತ್ತೆ ಸಮುದ್ರಕ್ಕೆ ಹೋಗಿದ್ದ. ಇನ್ನೊಂದು ತರುವವರು ಯಾರೂ ಇರಲಿಲ್ಲ.

ಅವತ್ತೇ ವಿನೋದ ಹೋದಾಗ ಅಂಗಳದ ತುಂಬ ಸಣ್ಣ ಸೀಗಡಿಯ ಒಣ ಸೆಟ್ಲಿ ಹರವಿತ್ತು. ಅವನು ಕರವಸ್ತ್ರ ತೆಗೆದು ಮೂಗಿಗೆ ಕಟ್ಟಿಕೊಂಡ. ಸೆಟ್ಲಿ ಚಟ್ನಿಯಿಲ್ಲದೆ ಗಂಜಿ ಇಳಿಯದ ಮನೆಯವನೇ ಅವನೂ. ಆದರೆ ಕಂಪ್ಯೂಟರಿನವನು ಅಂದಮೇಲೆ ಮೀನು ವಾಸನೆಗೆ ಹೇಸಿಕೊಳ್ಳದಿದ್ದರೆ ಮರ್ಯಾದೆ ಏನು ಉಳಿಯಿತು?

ಸೌಜನ್ಯಾಳ ತಾಯಿ ಬಂಗಾರಿ ಪೊರಕೆಯಿಂದ ಸೆಟ್ಲಿ ತಿರುವಿ ಹಾಕುತ್ತಿದ್ದವಳು ಅವನನ್ನು ನೋಡಿ ನಿಂತಳು. ಮೂವತ್ತು ವರ್ಷ ಬುಟ್ಟಿ ಹೊತ್ತು ಕುಮಟೆ ಪೇಟೆಯಲ್ಲಿ ಮೀನು ಮಾರಿದ ಹೆಂಗಸು. "ಎಂತದೋ ತಮಾ, ಆಪರೇಶನ್ ಮಾಡೂಕೆ ಬಂದ್ಯ?"

"ಹೌದಮ್ಮ. ಪೇಶೆಂಟ್ ಎಲ್ಲಿ?" ಎಂದು ವಿನೋದ ಒಳಗೆ ನಡೆದ.

ಹಳೆಯ ಬೋರ್ಡು ಬಿಚ್ಚಿದರೆ ಅದರ ಮೇಲಿನ ಪುಟ್ಟ ಪುಟ್ಟ ಕಪಾಸಿಟರುಗಳ ತಲೆ ಊದಿ, ಕಂದು ಬಣ್ಣದ ರಸ ಸುರಿದು, ಉಪ್ಪುಗಾಳಿಗೆ ಗಟ್ಟಿಯಾಗಿತ್ತು. ಕೀವು ಒಣಗಿದಂತಿದ್ದ ಅದನ್ನು ಬೆರಳಿಂದ ಮುಟ್ಟಿದ್ದಕ್ಕೆ ವಿನೋದ ಕೈಯನ್ನು ಎರಡು ಸಲ ಪ್ಯಾಂಟಿಗೆ ಒರೆಸಿದ. ಹೊಸ ಬೋರ್ಡು ಕೂರಿಸಿ, ಹಳೆಯ ಡಬ್ಬಿಯ ಇಪ್ಪತ್ತು ಪಿನ್ನಿನ ಪ್ಲಗ್ಗನ್ನೇ ಇಪ್ಪತ್ನಾಲ್ಕರ ಬಾಯಿಗೆ ಒಂದು ಬದಿಗೆ ಸರಿಸಿ ಒತ್ತಿದ. ಸ್ವಿಚ್ಚು ಹಾಕಿದ. ಫ್ಯಾನು ತಿರುಗಿತು. ಪರದೆ ಕಪ್ಪಗೆ ಕೂತಿತು.

"ಆ ಸಣ್ಣ ನಾಲ್ಕು ಪಿನ್ನಿಂದು ಖಾಲಿ ಅದೆ," ಎಂದಳು ಸೌಜನ್ಯಾ. ಕೈಯಲ್ಲಿ ಬೋರ್ಡಿನ ಜೊತೆ ಬಂದ ಪುಸ್ತಕ ಹಿಡಿದಿದ್ದಳು.

"ಅದು ಎಕ್ಸ್‌ಟ್ರಾ ಸೌಜನ್ಯಕ್ಕ. ಗಾಡಿಗೆ ಸ್ಟೆಪ್ನಿ ಇದ್ದಂಗೆ."

"ಇದ್ರಲ್ಲಿ ಹಂಗೆ ಬರೀಲಿಲ್ಲ. ದೊಡ್ಡದ್ರಲ್ಲಿ ನಾಲ್ಕು ತೂತು ಬಿಟ್ರೂ ಕೆಲವು ಸಲ ನಡೀತದೆ. ಈ ಸಣ್ಣದು ಇಲ್ದೆ ನಡ್ಯುದೇ ಇಲ್ಲ. ಪ್ರೊಸೆಸರಿಗೆ ಹೋಗು ಕರೆಂಟು ಇದ್ರಲ್ಲೇ ಹೋಗುದು. ನಿನ್ನ ಗಾಡಿದು ಸ್ಟೆಪ್ನಿ ಅಲ್ಲ ಇದು, ಪೆಟ್ರೋಲು ಪೈಪು."

ವಿನೋದನಿಗೆ ಸ್ವಲ್ಪ ಚುಚ್ಚಿತು. ಅವನು ತ್ರ್ಯಂಬಕಣ್ಣನಿಗೆ ಫೋನು ಮಾಡಿದ. "ನಾನೂರೈವತ್ತರದ್ದು ಒಂದು ಇದ್ಯಲ್ಲ, ಅದನ್ನೇ ಹಾಕು" ಎಂದು ಆ ಕಡೆಯಿಂದ ಉತ್ತರ ಬಂತು. ವಿನೋದ ಫೋನಿಟ್ಟು ಎದೆಯುಬ್ಬಿಸಿದ. "ಶನಿವಾರ ಬರ್ತೆ. ಬರುವಾಗ ಕರೆಂಟನ್ನ ಕಟ್ಟಿ ಹಾಕ್ಕಂಡೇ ಬರ್ತೆ."

"ಕಟ್ಟಿ ಹಾಕ್ಬೇಡ. ಸರಿಯಾಗಿದ್ದದ್ದು ತಂದ್ರೆ ಆತು," ಎಂದಳು ಸೌಜನ್ಯಾ.

ಶನಿವಾರ ಬೆಳಿಗ್ಗೆ ಬಸ್ಸಿನಲ್ಲಿ ಡಬ್ಬಿ ವಿನೋದನ ತೊಡೆಯ ಮೇಲಿತ್ತು. ಹೊನ್ನಾವರದ ಹಲ್ಲಿಯ ಮನೆಯದೇ ಡಬ್ಬಿ. ಕೆಲಸ ಅವಸರದಲ್ಲಿ ಮಾಡಿದ್ದ, ಒಳಗಿನ ಧೂಳನ್ನು ಪೂರ್ತಿ ಊದಿರಲಿಲ್ಲ. ಒಂದು ತಿಂಗಳಾದರೂ ಎಳೆದೀತು ಎಂದುಕೊಂಡ. ಆಮೇಲೆ ಕೆಟ್ಟರೆ ವೋಲ್ಟೇಜು ಏರಿಳಿತ ಎಂದರಾಯಿತು. ಈ ಊರಲ್ಲಿ ವೋಲ್ಟೇಜಿನ ಮೇಲೆ ಹಾಕಿದ ತಪ್ಪನ್ನು ಯಾರೂ ವಾಪಸ್ ತಂದವರಿಲ್ಲ. ಬಸ್ಸು ಹೊಂಡಕ್ಕೆ ಬಿದ್ದಾಗ ಒಳಗೆಲ್ಲೋ ಟಕ್ ಎಂದಿತು. ವಿನೋದ ಕಿಟಕಿಯ ಹೊರಗೆ ನೋಡಿದ.

ಅಂಗಳದಲ್ಲಿ ಅವತ್ತೂ ಸೆಟ್ಲಿ, ಅವತ್ತೂ ಕರವಸ್ತ್ರ. ವಿನೋದ ಡಬ್ಬಿಯನ್ನು ಜಗಲಿಯ ಮೇಲಿಟ್ಟು, ಹೊಳೆಯುವ ಸ್ಟಿಕ್ಕರ್ ಕಾಣುವ ಹಾಗೆ ತಿರುಗಿಸಿದ. ಸೌಜನ್ಯಾ ಮೊದಲು ಪ್ಲಗ್ಗುಗಳನ್ನು ನೋಡಿದಳು. ಇಪ್ಪತ್ನಾಲ್ಕು ಇತ್ತು, ಸಣ್ಣ ನಾಲ್ಕೂ ಇತ್ತು. ಎರಡು ರಾತ್ರಿ ನಿದ್ದೆಯಿಲ್ಲದ ಮುಖ ಸ್ವಲ್ಪ ಸಡಿಲಾಯಿತು. "ಹಾಕು ಬೇಗ," ಎಂದಳು.

ಅಷ್ಟರಲ್ಲಿ ಬಂಗಾರಿ ಸೆರಗಿಗೆ ಕೈ ಒರೆಸಿಕೊಂಡು ಬಂದು ಡಬ್ಬಿಯನ್ನು ಎತ್ತಿದಳು. ಯಾವ ಅನುಮಾನದಿಂದಲೂ ಅಲ್ಲ, ಹೊಸತು ಯಾವುದು ಬಂದರೂ ಎತ್ತಿ ನೋಡುವ ಕೈ ಅದು. ಅಂಗೈಯಲ್ಲಿ ಒಂದು ಸಲ ಆಡಿಸಿದಳು. ಎರಡನೆಯ ಸಲ ಆಡಿಸಿದಳು. ಮತ್ತೆ ಡಬ್ಬಿಯನ್ನು ಬೋರಲು ಮಾಡಿ ಕಿವಿಯ ಹತ್ತಿರ ಹಿಡಿದಳು.

"ಭಾರ ಇದ್ಯಲ್ಲಮ್ಮ? ಒರಿಜಿನಲ್ ಅದು," ಎಂದ ವಿನೋದ.

"ಭಾರ ಅದೆ. ಒಂದೇ ಮೂಲೆಗೆ ಅದೆ." ಬಂಗಾರಿ ಡಬ್ಬಿಯನ್ನು ಇನ್ನೊಂದು ಬದಿಗೆ ವಾಲಿಸಿದಳು. ಒಳಗೆ ಏನೋ ಉರುಳಿ ತಗಡಿಗೆ ಬಡಿಯಿತು. ಅವಳ ಹುಬ್ಬು ಕೂಡಿತು. "ಇದು ಬಲೆಗುಂಡಲ್ವನಾ?"

"ಎಂತ ಗುಂಡು? ಅದು ಟ್ರಾನ್ಸ್‌ಫಾರ್ಮರ್ ಅಮ್ಮ. ಒಳಗಿನ ಹೃದಯ ಅದು. ಹೃದಯ ಬಡ್ಕಳ್ದೆ ಮತ್ತೆಂತ ಮಾಡ್ತದೆ?"

"ಹೃದಯ ಇಂವನ ಡಬ್ಬಿಯಲ್ಲಿ ಉರುಳಾಡ್ತದೆ," ಎಂದಳು ಬಂಗಾರಿ ಮಗಳ ಕಡೆ ತಿರುಗಿ. ಸ್ವರದಲ್ಲಿ ನಗುವಿರಲಿಲ್ಲ. "ನನ್ನ ಗಂಡ ಇಪ್ಪತ್ತು ವರ್ಷ ಬಲೆ ಕಟ್ಟಿದಂವ. ಗುಂಡು ಪೋಣಿಸ್ದವ್ಳು ನಾನು. ತಗಡಿಗೆ ಬಿದ್ದ ಸೀಸದ ಶಬ್ದ ನಂಗೆ ಹೇಳಿಕೊಡೂಕೆ ಬರ್ಬೇಡ ತಮಾ."

ಸೌಜನ್ಯಾ ಸ್ಕ್ರೂಡ್ರೈವರ್ ಎತ್ತಿಕೊಂಡಳು.

"ಸ್ಟಿಕ್ಕರ್ ಹರಿದ್ರೆ ವಾರಂಟಿ ಹೋಗ್ತದೆ ಸೌಜನ್ಯಕ್ಕ," ಎಂದ ವಿನೋದ.

"ಸ್ಟಿಕ್ಕರ್ ಅಂಟಿಸ್ದವ್ರು ಯಾರು?"

ಅವಳು ಸ್ಕ್ರೂಡ್ರೈವರನ್ನು ಅವನ ಕಡೆಗೆ ಚಾಚಿದಳು. "ನೀನೇ ಬಿಚ್ಚು. ನಿಂಗೆ ರೂಢಿ ಇರ್ತದೆ."

ನಾಲ್ಕು ಸ್ಕ್ರೂ ಬಿಚ್ಚಲಿಕ್ಕೆ ಯಾವತ್ತೂ ಅಷ್ಟು ಹೊತ್ತು ಹಿಡಿದಿರಲಿಲ್ಲ. ಮುಚ್ಚಳ ಎತ್ತಿದಾಗ ಒಳಗಿಂದ ಹಳೆಯ ಧೂಳು, ಸುಟ್ಟ ಗಮ್ಮು, ಜಿರಲೆ ಎಲ್ಲ ಸೇರಿದ ವಾಸನೆ ಹೊರಟಿತು. ಮೂಲೆಯಲ್ಲಿ ಗಮ್ಮು ಬಿಟ್ಟ ಟೇಪಿನ ಗಂಟು ಬಾಯಿ ತೆರೆದಿತ್ತು. ಒಂದು ಗುಂಡು ಹೊರಗೆ ಉರುಳಿ, ಅವನು ಬೆಸೆದಿದ್ದ ವೈರುಗಳ ನಡುವೆ ಹೋಗಿ ಕೂತಿತ್ತು. ಹನ್ನೆರಡು ವೋಲ್ಟಿನ ಹಳದಿ ವೈರಿನ ಬೆಸುಗೆಗೆ ಒಂದು ಬದಿ ತಾಗಿ, ಐದು ವೋಲ್ಟಿನ ಕೆಂಪು ವೈರಿನ ಬೆಸುಗೆಗೆ ಇನ್ನೊಂದು ಬದಿ ತಾಗಿ. ಎರಡರ ಮೇಲೂ ಇರಬೇಕಾದ ಟೇಪು ಇರಲಿಲ್ಲ. ಧೂಳಿನಲ್ಲಿ ಹಲ್ಲಿಯ ಬಾಲ ಒಂದು ಉಳಿದುಕೊಂಡಿತ್ತು.

ಬೇರೆಯವರ ಕ್ಯಾಬಿನೆಟ್ಟು ಬಿಚ್ಚಿ ದಿನಕ್ಕೆ ಹತ್ತು ಸಲ ಥೂ ಎನ್ನುತ್ತಿದ್ದ ವಿನೋದನ ಬಾಯಿಂದ ಈಗ ಥೂ ಹೊರಡಲಿಲ್ಲ. ಅಲ್ಲಿದ್ದದ್ದು ಬೇರೆಯವರ ಕೊಳೆಯಲ್ಲ. ಒಂದೊಂದು ಬೆಸುಗೆಯೂ ಅವನ ಕೈಯದು. ಮೇಲೆ ಕುಂಕುಮ ಹಚ್ಚಿ ಒಳಗೆ ಹುಳ ಬಿಟ್ಟ ಹಾಗೆ ಮಾಡಿದ್ದು ಅವನ ಕೈಯೇ.

"ಇದನ್ನ ಹಾಕಿ ಸ್ವಿಚ್ಚು ಒತ್ತಿದ್ರೆ ಎಂತ ಆಗ್ತಿತ್ತು?" ಎಂದು ಸೌಜನ್ಯಾ ಕೇಳಿದಳು.

"ಐದು ಹೋಗೂ ಕಡೆ ಹನ್ನೆರಡು ಹೋಗ್ತಿತ್ತು."

"ಅಂದ್ರೆ?"

"ಬೋರ್ಡು ಹೋಗ್ತಿತ್ತು. ಹಾರ್ಡ್ ಡಿಸ್ಕೂ ಹೋಗ್ತಿತ್ತು."

"ನಾ ಟೈಪ್ ಮಾಡಿದ್ದು ಎಲ್ಲ ಅದ್ರಲ್ಲೇ ಅದೆ," ಎಂದಳು ಅವಳು. ಬೈದಿದ್ದರೆ ಚೆನ್ನಾಗಿತ್ತು. ಅಂಗಡಿಯವನು ಮುಂದೆ ಹಿಡಿದ ಬಂಗಡೆಯ ಕಿವಿರು ಎತ್ತಿ ನೋಡಿ ಸುಮ್ಮನೆ ಮುಂದೆ ಹೋಗುವವರ ಹಾಗೆ ಅವನ ಮುಖ ನೋಡಿ ಒಳಗೆ ಹೋದಳು.

ಬಂಗಾರಿ ಜಗಲಿಯಲ್ಲಿ ಕೂತು ಎಲೆಗೆ ಸುಣ್ಣ ಹಚ್ಚಿದಳು. "ನಾವೂ ವ್ಯಾಪಾರ ಮಾಡ್ದವ್ರೇ ತಮಾ. ಐಸಿನ ಮೀನನ್ನ ಈಗ ಬಂದದ್ದು ಅಂತ ನಾನೂ ಹೇಳಿದ್ದುಂಟು, ಇಲ್ಲ ಅನ್ನುದಿಲ್ಲ. ಆದ್ರೆ ತಿಂದವ್ರು ಸಾಯೂ ಮೀನನ್ನ ಬುಟ್ಟಿಗೆ ಹಾಕ್ಲಿಲ್ಲ. ನಿಂಗೆ ನಗು ಬರ್ತಿತ್ತನ, ಈ ಗುಂಡು ಕೂರಿಸೂವಾಗ?"

ಬರುತ್ತಿತ್ತು. ಈಗ ಹೇಸಿಗೆಯಾದದ್ದು ಅದಕ್ಕೇ.

ವಿನೋದ ಡಬ್ಬಿಯನ್ನು ಚೀಲಕ್ಕೆ ತುಂಬಿಕೊಂಡು ಹನ್ನೊಂದರ ಬಸ್ಸು ಹಿಡಿದ. ಬಸ್ಸಿನಲ್ಲಿ ಲೆಕ್ಕ ಹಾಕಿದ. ಕುಮಟೆಯಲ್ಲಿ ಇಪ್ಪತ್ನಾಲ್ಕು ಮತ್ತು ನಾಲ್ಕು ಎರಡೂ ಇರುವ ನಿಜವಾದ ಡಬ್ಬಿ ಅವನು ಕಂಡ ಹಾಗೆ ಒಂದೇ ಇತ್ತು. ತ್ರ್ಯಂಬಕಣ್ಣ ಬಿಲ್ಲು ಮಾಡುವ ಕಂಪ್ಯೂಟರಿನೊಳಗೆ. ತನ್ನ ಕಂಪ್ಯೂಟರಿಗೆ ಅವನು ಹುಬ್ಬಳ್ಳಿಯಿಂದ ಒಳ್ಳೆಯದನ್ನೇ ತರಿಸಿ ಹಾಕಿಕೊಂಡಿದ್ದ.

ಅಂಗಡಿಯಲ್ಲಿ ಕತಗಾಲದ ನಾಗಪತಿ ಎಂಬವರು ನಿಂತಿದ್ದರು. ತ್ರ್ಯಂಬಕಣ್ಣ ಮಿರಮಿರ ಡಬ್ಬಿಯೊಂದನ್ನು ಅವರ ಅಂಗೈಗೆ ಇಟ್ಟು, "ತೂಕ ನೋಡಿ, ತೂಕ ನೋಡಿ" ಎನ್ನುತ್ತಿದ್ದ. ವಿನೋದ ಚೀಲದ ಡಬ್ಬಿಯನ್ನು ಮುಚ್ಚಳವಿಲ್ಲದೆ ಕೌಂಟರಿನ ಮೇಲಿಟ್ಟ. ಬಿಲ್ಲಿನ ಕಂಪ್ಯೂಟರಿನ ಸ್ವಿಚ್ಚು ತೆಗೆದು, ತಗಡು ಕಳಚಿ, ಸ್ಕ್ರೂ ತಿರುಗಿಸಲು ಕೂತ.

"ಏಯ್, ಎಂತ ಮಾಡ್ತೆ?" ತ್ರ್ಯಂಬಕಣ್ಣ ಬಗ್ಗಿ ಪಿಸುಗುಟ್ಟಿದ.

"ಇದನ್ನ ಅಘನಾಶಿನಿಗೆ ಒಯ್ತೆ. ಈ ತಿಂಗಳ ಸಂಬಳ ನೀವೇ ಇಟ್ಕಣಿ. ಮುಂದಿನದ್ದೂ ಇಟ್ಕಣಿ."

"ತಲೆ ಕೆಟ್ಟದ್ಯ ನಿಂಗೆ? ಒಂದು ಹೆಂಗ್ಸು ಎಂತದೋ ಅಂದ್ಳು ಅಂತ..." ಅವನ ಕಣ್ಣು ನಾಗಪತಿಯ ಕಡೆಗೇ ಇತ್ತು. "ಗುಂಡು ಹಾಕು ಉಪಾಯ ಹೇಳಿದ್ದು ಯಾರು? ನಾನನ? ಟೇಪು ಸುತ್ತಿದ್ದು ಯಾರು? ಬನ್ಸ್ ತಿಂದದ್ದು ಯಾರು?"

"ನಾನೇ," ಎಂದ ವಿನೋದ. ಅಂಗಡಿ ಪೂರ್ತಿ ಕೇಳುವಷ್ಟು ದೊಡ್ಡಕ್ಕೆ ಬಂತು ಅದು.

ನಾಗಪತಿ ಮುಂದೆ ಬಂದು ಕೌಂಟರಿನ ಮೇಲಿದ್ದ ಡಬ್ಬಿಯೊಳಗೆ ಇಣುಕಿದರು. ಮತ್ತೆ ತಮ್ಮ ಕೈಯಲ್ಲಿದ್ದದ್ದನ್ನು ನೋಡಿದರು. ಅದನ್ನು ಮೆಲ್ಲಗೆ, ಸತ್ತ ಇಲಿಯನ್ನು ಇಳಿಸುವ ಹಾಗೆ ಕೆಳಗಿಟ್ಟು, ಪಂಚೆಗೆ ಕೈ ಒರೆಸಿಕೊಂಡು ಮೆಟ್ಟಿಲಿಳಿದು ಹೋದರು.

"ನಾಳೆಯಿಂದ ಈ ಬಾಗ್ಲು ತುಳೀಬೇಡ," ಎಂದ ತ್ರ್ಯಂಬಕಣ್ಣ.

ಇಂಥ ಗಳಿಗೆಗೆಂದೇ ವಿನೋದ ವರ್ಷಗಟ್ಟಲೆ ಕನ್ನಡಿಯ ಮುಂದೆ ಡೈಲಾಗು ತಯಾರು ಮಾಡಿಕೊಂಡಿದ್ದ. ನಿಧಾನಕ್ಕೆ ತಿರುಗುವುದು, ಒಂದು ಹೆಜ್ಜೆ ಹಿಂದೆ ಬಂದು ಬೆರಳೆತ್ತುವುದು, ಎಲ್ಲ ಅಭ್ಯಾಸವಾಗಿತ್ತು. ಬೆರಳೆತ್ತಲು ನೋಡಿದ. ಬೆರಳಿನ ತುದಿಯಲ್ಲಿ ಸೀಸದ ಕಪ್ಪು ಮೆತ್ತಿಕೊಂಡಿತ್ತು. ಡಬ್ಬಿಯನ್ನು ಕಂಕುಳಲ್ಲಿಟ್ಟುಕೊಂಡು ಸುಮ್ಮನೆ ಇಳಿದು ಹೋದ.

ಅಘನಾಶಿನಿ ತಲುಪುವಾಗ ಎರಡೂವರೆ. ಈ ಸಲ ಅವನು ಡಬ್ಬಿಯನ್ನು ಮೊದಲು ಬಂಗಾರಿಯ ಕೈಗೆ ಕೊಟ್ಟ. ಅವಳು ಆಡಿಸಿ, ವಾಲಿಸಿ, ಕಿವಿಗೆ ಹಿಡಿದು ಮಗಳಿಗೆ ದಾಟಿಸಿದಳು. ಸೌಜನ್ಯಾ ಬದಿಯಲ್ಲಿ ಬರೆದದ್ದನ್ನು ಪುಸ್ತಕದ ಜೊತೆ ಒಂದೊಂದೇ ಸಾಲು ತಾಳೆ ನೋಡಿ ತಲೆಯಾಡಿಸಿದಳು. ಇಪ್ಪತ್ನಾಲ್ಕರ ಪ್ಲಗ್ಗು ಕೊಕ್ಕೆ ಕಚ್ಚಿ ಕೂತಿತು. ಸಣ್ಣ ನಾಲ್ಕನ್ನು ಅವಳು ಅವನಿಗೆ ಬಿಡದೆ ತಾನೇ ಒತ್ತಿದಳು. ಸ್ವಿಚ್ಚು ಹಾಕಿದಾಗ ಫ್ಯಾನು ತಿರುಗಿತು, ಒಂದು ಸಣ್ಣ ಪೀಂ ಕೇಳಿತು, ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ ಓಡಿದವು. ಹೊಸ ಬೋರ್ಡಿಗೆ ವಿಂಡೋಸನ್ನು ಮತ್ತೆ ಹಾಕಿ, ಅವಳ ಮುಕ್ಕಾಲು ಮುಗಿದ ಪುಸ್ತಕ ತೆರೆಯುವಷ್ಟರಲ್ಲಿ ನಾಲ್ಕೂವರೆಯಾಯಿತು. ಅವಳು ಅವನ ಕಡೆ ನೋಡದೆ ಕುರ್ಚಿ ಎಳೆದುಕೊಂಡು ಬಡಿಯಲು ಶುರುಮಾಡಿದಳು.

ವಿನೋದ ಚೀಲ ಹೆಗಲಿಗೇರಿಸಿದ. ಬಂಗಾರಿ ಬಾಗಿಲಿಗೆ ಅಡ್ಡ ಕೂತಿದ್ದಳು.

"ಎಷ್ಟು ಮನೆಗೆ ಹಾಕಿದ್ಯೋ?"

"ಎಂತದು?"

"ನಿನ್ನ ಹೃದಯ."

ಅವನಿಗೆ ತಲೆಯೆತ್ತಲಾಗಲಿಲ್ಲ. "ಹತ್ತು ಇರ್ಬಹುದು."

"ಹೆಸ್ರು ಗೊತ್ತದ್ಯನ?"

"ಗೊತ್ತದೆ. ಸೌಜನ್ಯಕ್ಕ, ಒಂದು ಪಟ್ಟಿ ಟೈಪ್ ಮಾಡಿಕೊಟ್ರೆ..."

"ಕಂಪ್ಯೂಟರ್ ಖಾಲಿ ಇಲ್ಲ," ಎಂದಳು ಸೌಜನ್ಯಾ ಕೀಲಿಮಣೆಯಿಂದ ಕಣ್ಣೆತ್ತದೆ. "ಸೋಮವಾರದವರೆಗೆ ಇಲ್ಲ. ಬೋರ್ಡಿನ ರಟ್ಟು ಅಲ್ಲಿ ಬಿದ್ದದೆ. ಅದ್ರ ಮೇಲೆ ಪೆನ್ನಲ್ಲಿ ಬರಿ."

ಅವನು ರಟ್ಟಿನ ಪೆಟ್ಟಿಗೆಯನ್ನು ಹರಿದು ಚಪ್ಪಟೆ ಮಾಡಿ ಜಗಲಿಯಲ್ಲಿ ಕೂತು ಬರೆದ. ಹೊನ್ನಾವರದ ಮಾಬ್ಲ, ಕಿರಾಣಿ ಅಂಗಡಿ. ಕುಮಟೆಯ ದಿನಕರ, ಫೋಟೋ ಸ್ಟುಡಿಯೋ. ಭಟ್ಕಳದ ಒಂದು ಟ್ಯೂಶನ್ ಕ್ಲಾಸು. ಮಹಾಲಕ್ಷ್ಮೀ ಅಕ್ಕೋರು, ಮಿರ್ಜಾನಿನ ಹತ್ತಿರ. ಅವರು ಡಬ್ಬಿ ಹಾಕಿಕೊಟ್ಟ ದಿನ ಅವನಿಗೆ ಪಾಯಸ ಕೊಟ್ಟಿದ್ದರು. ಬರೆಯುತ್ತ ಹೋದ ಹಾಗೆ ಒಂದೊಂದು ಮನೆಯ ಮೇಜು, ಒಂದೊಂದು ಮನೆಯ ಪ್ಲಗ್ ಪಾಯಿಂಟು ಕಣ್ಣೆದುರು ಬಂತು. ಅವರೆಲ್ಲ ಅವತ್ತೂ ಸ್ವಿಚ್ಚು ಹಾಕುತ್ತಿದ್ದರು.

ಬಂಗಾರಿಗೆ ಓದಲು ಬರುತ್ತಿರಲಿಲ್ಲ. ಅವನು ರಟ್ಟನ್ನು ಮಡಚುವಾಗ ಅವಳು ತಡೆದು ಬೆರಳಿಟ್ಟು ಸಾಲು ಎಣಿಸಿದಳು.

"ಒಂಬತ್ತದೆ."

"ಅಷ್ಟೇ ಇರ್ಬೇಕು."

"ಹತ್ತು ಅಂದೆ ನೀ. ಪೆನ್ನು ನಿಂತದ್ದೂ ನಾ ನೋಡ್ದೆ."

ಒಳಗೆ ಕೀಲಿಮಣೆಯ ಶಬ್ದ ಒಂದು ಕ್ಷಣ ತಡೆದು ಮತ್ತೆ ಶುರುವಾಯಿತು. ವಿನೋದ ರಟ್ಟನ್ನು ಬಿಡಿಸಿ ತೊಡೆಯ ಮೇಲಿಟ್ಟುಕೊಂಡ. ಭಟ್ಕಳದ ದಾರಿಯ ಕಾಯ್ಕಿಣಿಯಲ್ಲಿ ಒಂದು ಮನೆಯಿತ್ತು. ಅಲ್ಲಿ ಪುಟ್ಟ ಮಗುವೊಂದು ಕಂಪ್ಯೂಟರಿನ ಮೇಜಿನ ಕೆಳಗೇ ಆಡುತ್ತಿತ್ತು. ಡಬ್ಬಿ ಹಾಕಿದ ಸಂಜೆ ಆ ಮನೆಯವಳು ಕೋಳಿ ಸಾರು ಮಾಡಿ ಬಡಿಸಿದ್ದಳು. ತನ್ನ ತಮ್ಮ ಎಂಥ ಕೆಲಸ ಕಲಿತಿದ್ದಾನೆ ನೋಡಿ ಎಂದು ನೆರೆಮನೆಯವರನ್ನು ಕರೆದು ತೋರಿಸಿದ್ದಳು. ಅವನು ಅಂಗಡಿಗೆ ಬಂದು ಅದನ್ನೂ ನಟಿಸಿ ತೋರಿಸಿ ತ್ರ್ಯಂಬಕಣ್ಣನನ್ನು ನಗಿಸಿದ್ದ.

"ಯಾರೋ ಅದು?" ಬಂಗಾರಿ ಕೇಳಿದಳು.

"ಮಾಲಿನಿ. ನನ್ನ ಅಕ್ಕ."

ಬಂಗಾರಿ ಬಾಯಲ್ಲಿದ್ದ ಎಲೆಯನ್ನು ಅಂಗಳದಾಚೆ ಉಗಿದಳು. ಆಮೇಲೆ ಜಾರಿಬಿದ್ದ ಪೆನ್ನನ್ನು ಕಾಲ ಬೆರಳಿನಿಂದ ಅವನ ಕಡೆಗೆ ದೂಡಿದಳು.

"ಅದನ್ನ ಮೊದ್ಲು ಬರಿ. ಎಲ್ಲಕ್ಕಿಂತ ಮೇಲೆ. ಭಟ್ಕಳದ ಬಸ್ಸು ಆರೂಕಾಲಿಗೆ ಅದೆ ಕುಮಟೆಯಿಂದ, ನಡಿ."